2016ರಲ್ಲಿ ‘ಲೀವ್’ಗೆ ಮತ ಹಾಕಿದ ಬ್ರಿಟನ್ನಿನ ಕನ್ನಡಿಗರಿಗೊಂದು ಬಹಿರಂಗ ಪತ್ರ

ಬ್ರಿಟನ್ನಿನಲ್ಲಿರುವ ಕನ್ನಡದ ಬಂಧುಗಳೇ,

ಈ ಪತ್ರ ನಿಮ್ಮೆಲ್ಲರಿಗೂ ಅಲ್ಲ. 2016ರ ಜೂನ್ 23ರಂದು ಮತಗಟ್ಟೆಗೆ ಹೋಗಿ, ಯುರೋಪಿಯನ್ ಒಕ್ಕೂಟ ಬಿಟ್ಟು ಹೊರಬರೋಣ ಅಂತ ಗುರುತು ಹಾಕಿ ಬಂದವರಿಗೆ ಮಾತ್ರ. ನೀವು ಯಾರು ಅಂತ ನನಗೆ ಗೊತ್ತಿಲ್ಲ. ನಮ್ಮಲ್ಲಿ ಯಾರೂ ಅದನ್ನು ಒಪ್ಪಿಕೊಳ್ಳುವುದಿಲ್ಲವಲ್ಲ. ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ ಬ್ರೆಕ್ಸಿಟ್ ಮಾತು ಬಂದರೆ, ‘ಈ ಇಂಗ್ಲಿಷರಿಗೆ ತಲೆ ಕೆಟ್ಟಿತ್ತು ಬಿಡಿ’ ಅಂತ ಎಲ್ಲರೂ ನಗುತ್ತೇವೆ. ಆಮೇಲೆ ಮಾತು ಮನೆ ಸಾಲದ ಬಡ್ಡಿಯ ಕಡೆ ತಿರುಗುತ್ತದೆ. ಆ ಗುಂಪಿನಲ್ಲಿ ಒಬ್ಬನಂತೂ ಸುಳ್ಳು ನಗು ನಗುತ್ತಿರುತ್ತಾನೆ. ಅವನು ನಾನು.

ಹೌದು, ನಾನು ಲೀವ್‌ಗೆ ಹಾಕಿದೆ. ಆಗ ನನ್ನ ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟ್. ಊರಿನಲ್ಲಿ ಕೂತು ಇದನ್ನು ಓದುವವರಿಗೆ ವಿಚಿತ್ರ ಅನ್ನಿಸಬಹುದು. ಇಲ್ಲಿನ ಕಾನೂನು ಹಾಗಿದೆ. ಕಾಮನ್‌ವೆಲ್ತ್ ದೇಶದವರು ಇಲ್ಲಿ ಕಾನೂನು ಪ್ರಕಾರ ವಾಸವಿದ್ದರೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕಬಹುದು. ಆ ಜನಮತಸಂಗ್ರಹಕ್ಕೂ ಅದೇ ಪಟ್ಟಿ ಬಳಸಿದರು. ನಮ್ಮ ಪಕ್ಕದ ಮನೆಯ ಪೋಲೆಂಡಿನ ಹೆಂಗಸು ನನಗಿಂತ ಮೊದಲು ಲಂಡನ್ ಪಕ್ಕದ ಈ ಸ್ಲೌ ಊರಿಗೆ ಬಂದವರು. ಮತ ನಡೆದದ್ದೇ ಅವರು ಇಲ್ಲಿ ಇರಬೇಕೋ ಬೇಡವೋ ಅನ್ನುವುದರ ಮೇಲೆ. ಅವರಿಗೆ ಮತ ಇರಲಿಲ್ಲ, ನನಗಿತ್ತು. ಯುರೋಪಿನವರಲ್ಲಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್ ದೇಶದವರಿಗೆ ಮಾತ್ರ ಆ ಹಕ್ಕು ಸಿಕ್ಕಿತ್ತು.

ಯಾಕೆ ಹಾಗೆ ಹಾಕಿದೆ ಅಂತ ಹೇಳಿಬಿಡುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಅರಸೀಕೆರೆಯಲ್ಲಿ ಒಬ್ಬರೇ ಇದ್ದರು. ಮಂಡಿನೋವು, ಸಕ್ಕರೆ ಕಾಯಿಲೆ. ಕರೆದುಕೊಂಡು ಬಂದು ನಮ್ಮ ಜೊತೆ ಇಟ್ಟುಕೊಳ್ಳೋಣ ಅಂತ ವಕೀಲರೊಬ್ಬರನ್ನು ಕೇಳಿದೆ. ಅವರು ಕನ್ನಡಕ ತೆಗೆದು, ‘ಸುಮ್ನೆ ಫೀಸು ಹಾಳು ಮಾಡ್ಕೋಬೇಡಿ’ ಅಂದರು. 2012ರ ಜುಲೈಯಲ್ಲಿ ಬಂದ ನಿಯಮ ಅದು. ಅಪ್ಪ ಅಮ್ಮನನ್ನು ಕರೆಸಿಕೊಳ್ಳಬೇಕಾದರೆ ಅವರ ಸ್ನಾನ, ಊಟಕ್ಕೂ ಇನ್ನೊಬ್ಬರು ಬೇಕು ಅನ್ನುವಷ್ಟು ಆರೋಗ್ಯ ಕೆಟ್ಟಿರಬೇಕು. ಅದೂ ಸಾಲದು, ಅಂಥ ಆರೈಕೆ ಅವರ ದೇಶದಲ್ಲಿ ನಾವು ದುಡ್ಡು ಕಳಿಸಿದರೂ ಸಿಗಬಾರದು. ಅಂದರೆ ದುಡ್ಡಿದ್ದರೆ, ‘ಅಲ್ಲೇ ಆಳು ಇಡಿ’ ಅನ್ನುತ್ತಾರೆ. ದುಡ್ಡಿಲ್ಲದಿದ್ದರೆ, ‘ಇಲ್ಲಿ ಹೇಗೆ ಸಾಕ್ತೀರಿ’ ಅನ್ನುತ್ತಾರೆ.

ಅದೇ ವರ್ಷದ ಚಳಿಗಾಲದಲ್ಲಿ ಪಕ್ಕದ ಮನೆಯವರ ತಾಯಿ ಪೋಲೆಂಡಿನಿಂದ ಬಂದರು. ಟ್ಯಾಕ್ಸಿಯಿಂದ ಇಳಿದದ್ದು ನಾನು ನೋಡಿದೆ. ಒಂದು ಸೂಟ್‌ಕೇಸ್, ಒಂದು ಊರುಗೋಲು, ಪೇಪರಿನಲ್ಲಿ ಸುತ್ತಿದ ಸೌತೆಕಾಯಿ ಉಪ್ಪಿನಕಾಯಿಯ ಗಾಜಿನ ಬಾಟಲಿಗಳು. ವೀಸಾ ಇಲ್ಲ, ಅರ್ಜಿ ಇಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಇಲ್ಲ. ಸಂಜೆ ನಮಗೂ ಒಂದು ಬಾಟಲಿ ಬಂತು. ಸಬ್ಬಸಿಗೆ ಸೊಪ್ಪು ಹಾಕಿದ್ದರು, ತುಂಬಾ ಚೆನ್ನಾಗಿತ್ತು. ಹೊಟ್ಟೆ ಮಾತ್ರ ಉರಿಯಿತು, ಉಪ್ಪಿನಕಾಯಿಯಿಂದಲ್ಲ.

ನಿಮಗೂ ಇಂಥದ್ದೊಂದು ಕಥೆ ಇರಲೇಬೇಕು. 2016ರ ಯುಗಾದಿ ಕಾರ್ಯಕ್ರಮ ನೆನಪಿದೆಯಾ? ಜನಮತಸಂಗ್ರಹಕ್ಕೆ ಇನ್ನು ಎರಡೂವರೆ ತಿಂಗಳಿತ್ತು. ಶಾಲೆಯ ಹಾಲ್‌ನಲ್ಲಿ ಬಿಸಿಬೇಳೆಬಾತ್ ತಟ್ಟೆ ಹಿಡಿದು ನಿಂತವರ ಬಾಯಲ್ಲೆಲ್ಲ ಒಂದೇ ಮಾತು. ‘ಈ ಯುರೋಪಿನವರು ಬಸ್ ಹತ್ತಿ ಬಂದುಬಿಡ್ತಾರೆ. ನಾವು ಇಂಗ್ಲಿಷ್ ಪರೀಕ್ಷೆ ಬರೆದು, ವೀಸಾ ಫೀಸು ಕಟ್ಟಿ, ಆಸ್ಪತ್ರೆಗೆ ಅಂತ ವರ್ಷಕ್ಕೆ 200 ಪೌಂಡ್ ಬೇರೆ ಕಟ್ಟಿ ಬರಬೇಕು.’ ಅದೇ ಏಪ್ರಿಲ್‌ನಲ್ಲಿ ಇನ್ನೊಂದು ನಿಯಮ ಬಂದಿತ್ತು. ಯುರೋಪಿನ ಹೊರಗಿನಿಂದ ಕೆಲಸದ ವೀಸಾದಲ್ಲಿ ಬಂದವರಿಗೆ ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ ಬೇಕಾದರೆ, ಕೆಲವು ಕೆಲಸ ಬಿಟ್ಟು ಉಳಿದವುಗಳಲ್ಲಿ ವರ್ಷಕ್ಕೆ 35,000 ಪೌಂಡ್ ಸಂಬಳ ಇರಬೇಕು ಅಂತ. ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಅಷ್ಟು ಇರಲಿಲ್ಲ.

ಲೀವ್ ಕಡೆಯವರು ಈ ಹೊಟ್ಟೆಕಿಚ್ಚಿನ ವಾಸನೆ ಹಿಡಿದೇ ಬಂದರು. ಲೀವ್ ಪರ ಇದ್ದ ಸಚಿವೆ ಪ್ರೀತಿ ಪಟೇಲ್ ಅವರು ‘ಕರಿ ಹೌಸ್’ ಅನ್ನುವ ನಮ್ಮ ಕಡೆಯ ಅಡುಗೆಯ ಹೋಟೆಲಿನವರ ಮುಂದೆ ನಿಂತು, ಯುರೋಪ್ ಬಿಟ್ಟರೆ ಏಷ್ಯಾದಿಂದ ಅಡುಗೆಯವರನ್ನು ಕರೆಸಲು ದಾರಿ ಸಲೀಸಾಗುತ್ತದೆ ಅಂದರು. ಆ ಬಾಗಿಲು ಮುಚ್ಚಿದರೆ ಈ ಬಾಗಿಲು ತೆರೆಯುತ್ತದೆ, ಅಷ್ಟೇ ಲೆಕ್ಕ. ನಾನೂ ಹಾಗೇ ಕೂಡಿಸಿ ಕಳೆದೆ.

ಆ ಲೆಕ್ಕದ ತಪ್ಪು ಆಗಲೇ ಕಣ್ಣಿಗೆ ಹೊಡೆಯುವಂತಿತ್ತು. ಮತದಾನಕ್ಕೆ ನಾಲ್ಕು ವಾರ ಮೊದಲು ಸರಕಾರ ಅಂಕಿ ಅಂಶ ಕೊಟ್ಟಿತು. 2015ರಲ್ಲಿ ಬಂದವರಲ್ಲಿ ಹೋದವರನ್ನು ಕಳೆದರೆ ಉಳಿದವರು 3,33,000. ಟಿವಿಯಲ್ಲಿ ಎಲ್ಲರೂ ಈ ನಂಬರನ್ನೇ ಜಪ ಮಾಡಿದರು. ಒಳಗಿನ ಲೆಕ್ಕ ನೋಡಿದವರು ಕಡಿಮೆ. ಅದರಲ್ಲಿ ಯುರೋಪಿಯನ್ ಒಕ್ಕೂಟದವರು 1,84,000, ಹೊರಗಿನವರು 1,88,000. ಬ್ರಿಟಿಷರೇ ಬಂದವರಿಗಿಂತ ಹೊರಟವರು ಜಾಸ್ತಿ ಇದ್ದದ್ದರಿಂದ ಒಟ್ಟು ಸ್ವಲ್ಪ ಇಳಿದಿತ್ತು. ಅಂದರೆ ಲಂಡನ್ನಿನ ಹತೋಟಿ ಪೂರ್ತಿ ಇದ್ದ ಬಾಗಿಲಿನಿಂದಲೇ ಅರ್ಧ ಜನ ಬರುತ್ತಿದ್ದರು. ವಲಸೆಯನ್ನು ವರ್ಷಕ್ಕೆ ಲಕ್ಷದ ಒಳಗೆ ತರುತ್ತೇನೆ ಅಂತ ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಮಾತು ಕೊಟ್ಟಿದ್ದರು. ಯುರೋಪಿನವರನ್ನು ತಡೆಯಲು ಆಗಲ್ಲ. ಹಾಗಾಗಿ ಹಿಂಡಲು ಸಿಕ್ಕವರು ನಾವು.

ಅಮ್ಮನನ್ನು ತಡೆದ ನಿಯಮ ಬರೆದದ್ದು ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ನಲ್ಲಿ ಅಲ್ಲ, ಬ್ರಿಟನ್ನಿನ ಪಾರ್ಲಿಮೆಂಟ್ ಇರುವ ವೆಸ್ಟ್‌ಮಿನ್‌ಸ್ಟರ್‌ನಲ್ಲಿ. ಬರೆದವರ ಕೈಗೇ ‘ಇನ್ನೂ ಜಾಸ್ತಿ ಹತೋಟಿ ತಗೊಳ್ಳಿ’ ಅಂತ ನಾನು ಮತ ಕೊಟ್ಟು ಬಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಒಂದು ವಾರ ಮುಂಚೆಯಾದರೂ ಬುದ್ಧಿ ಬರಬೇಕಿತ್ತು. ಜೂನ್ 16ರಂದು ಲೀವ್ ಪರ ಪಕ್ಷವೊಂದರ ನಾಯಕ ನೈಜೆಲ್ ಫರಾಜ್ ಒಂದು ದೊಡ್ಡ ಪೋಸ್ಟರ್ ಮುಂದೆ ನಿಂತರು. ಸಾಲು ಸಾಲು ಜನ ನಡೆದು ಬರುತ್ತಿರುವ ಫೋಟೋ, ಮೇಲೆ ಕೆಂಪಕ್ಷರದಲ್ಲಿ ‘ಬ್ರೇಕಿಂಗ್ ಪಾಯಿಂಟ್’. ಅದು 2015ರಲ್ಲಿ ಸ್ಲೊವೇನಿಯಾದ ಗಡಿಯಲ್ಲಿ ತೆಗೆದ ನಿರಾಶ್ರಿತರ ಫೋಟೋ. ಅದರಲ್ಲಿ ಪೋಲೆಂಡಿನವರಂತೆ ಕಾಣುವ ಒಂದು ಮುಖವೂ ನನಗೆ ಸಿಗಲಿಲ್ಲ. ಕಂಡದ್ದೆಲ್ಲ ನನ್ನ ತಮ್ಮನಂತೆ, ಚಿಕ್ಕಪ್ಪನಂತೆ ಕಾಣುವವರು. ಅದೇ ಮಧ್ಯಾಹ್ನ, ಒಕ್ಕೂಟದಲ್ಲೇ ಇರೋಣ ಅನ್ನುತ್ತಿದ್ದ ಜೋ ಕಾಕ್ಸ್ ಅನ್ನುವ ಸಂಸದೆಯನ್ನು ಅವರ ಕ್ಷೇತ್ರದಲ್ಲೇ ಕೊಂದರು. ಇಷ್ಟೆಲ್ಲ ನೋಡಿಯೂ ಮುಂದಿನ ಗುರುವಾರ ಹೋಗಿ ಗುರುತು ಹಾಕಿದೆ.

ಮತಗಟ್ಟೆಯಲ್ಲಿ ದಾರ ಕಟ್ಟಿದ ಒಂದು ಮೋಟು ಪೆನ್ಸಿಲ್ ಇತ್ತು. ಊರಿನಲ್ಲಿ ಮತ ಹಾಕಿ ಬಂದರೆ ಮೈಸೂರಿನ ಶಾಯಿ ವಾರಗಟ್ಟಲೆ ಬೆರಳಿನ ಮೇಲಿರುತ್ತದೆ. ಇಲ್ಲಿ ಅದಿಲ್ಲ. ಮಾರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯವರು ಕೆಲಸಕ್ಕೆ ಹೊರಟಿದ್ದರು. ಕಾರಿನ ಬಾಗಿಲು ಹಿಡಿದುಕೊಂಡೇ, ‘ನೀವು ಮತ ಹಾಕಿದ್ರಾ?’ ಅಂತ ಕೇಳಿದರು. ‘ಇಲ್ಲ, ಟೈಮ್ ಆಗಲಿಲ್ಲ’ ಅಂದೆ. ಅವರು ತಲೆಯಾಡಿಸಿ ಹೋದರು.

ಸ್ಲೌನಲ್ಲಿ ಲೀವ್‌ಗೆ ಬಿದ್ದದ್ದು ಶೇ 54.3. ನಮ್ಮಂಥವರು ತುಂಬಿರುವ ಊರು ಇದು. ಲೂಟನ್ ಶೇ 56.5, ಹಿಲಿಂಗ್‌ಡನ್ ಶೇ 56.4. ಬರ್ಮಿಂಗ್‌ಹ್ಯಾಮ್ ಕೂದಲೆಳೆಯಲ್ಲಿ ಲೀವ್, ಲೆಸ್ಟರ್ ಕೂದಲೆಳೆಯಲ್ಲಿ ರಿಮೇನ್, ಅಂದರೆ ಒಕ್ಕೂಟದಲ್ಲೇ ಇರೋಣ. ಏಷ್ಯಾ ಮೂಲದವರಲ್ಲಿ ಮೂರರಲ್ಲಿ ಎರಡು ಪಾಲು ರಿಮೇನ್‌ಗೆ ಹಾಕಿದರು ಅಂತ ಮತದಾನದ ದಿನದ ದೊಡ್ಡ ಸಮೀಕ್ಷೆಯೊಂದು ಹೇಳಿತು. ಉಳಿದ ಒಂದು ಪಾಲು ನಾವು. ದೇಶದ ಒಟ್ಟು ಅಂತರ 13 ಲಕ್ಷವೂ ಇರಲಿಲ್ಲ. ನಾವೇ ಸೋಲಿಸಿದೆವು ಅಂತಲ್ಲ. ಆದರೆ ‘ಇಂಗ್ಲಿಷರ ಹುಚ್ಚು’ ಅಂತ ಕೈತೊಳೆದುಕೊಳ್ಳಲೂ ಆಗಲ್ಲ, ಅಲ್ವಾ?

ಇನ್ನೊಂದು ವಿಷಯ ಹೇಳಬೇಕು. ನಾವು ಮಾಡಿದ ತಪ್ಪು ನಮ್ಮದಷ್ಟೇ ಆಗಿರಲಿಲ್ಲ. ಒಂದೊಂದು ಸೀಮೆಯೂ ತನ್ನ ತನ್ನ ನೋವಿಗೆ ಅದೇ ಮತಪತ್ರವನ್ನೇ ಮದ್ದು ಅಂದುಕೊಂಡಿತ್ತು.

2017ರಲ್ಲಿ ನಾನು ಲಿಂಕನ್‌ಶೈರಿನ ಬಾಸ್ಟನ್‌ಗೆ ಹೋಗಿದ್ದೆ. ಗೆಳೆಯರೊಬ್ಬರು ಅಲ್ಲಿ ಡಾಕ್ಟರಾಗಿದ್ದರು. ಲೀವ್‌ಗೆ ದೇಶದಲ್ಲೇ ಅತಿ ಜಾಸ್ತಿ, ಶೇ 75.6 ಬಿದ್ದ ಊರು ಅದು. ನೆಲ ಚಪ್ಪಟೆ, ಕಣ್ಣು ಹಾಯುವವರೆಗೂ ಕೋಸು, ಹೂಕೋಸು, ಆಲೂಗಡ್ಡೆ. ಚರ್ಚಿನ ಗೋಪುರ ಮೈಲಿಗಟ್ಟಲೆ ದೂರದಿಂದಲೇ ಕಾಣುತ್ತದೆ. ಬೆಳಗಿನ ಜಾವ ಐದಕ್ಕೆ ಬಿಳಿ ವ್ಯಾನುಗಳು ಬೀದಿ ತುದಿಗೆ ಬಂದು ನಿಲ್ಲುತ್ತವೆ. ಕತ್ತಿನವರೆಗೆ ಜಿಪ್ ಏರಿಸಿದ ಹೆಂಗಸರು, ಗಂಡಸರು ಊಟದ ಡಬ್ಬಿ ಹಿಡಿದು ಹತ್ತುತ್ತಾರೆ. ಲಿಥುವೇನಿಯಾ, ಲಾಟ್ವಿಯಾ, ಪೋಲೆಂಡಿನವರು. ಅವರನ್ನು ಹೊಲಕ್ಕೆ ಸಾಗಿಸುವ ಮೇಸ್ತ್ರಿಗೆ ಅಲ್ಲಿ ಗ್ಯಾಂಗ್‌ಮಾಸ್ಟರ್ ಅನ್ನುತ್ತಾರೆ.

2004ರಲ್ಲಿ ಪೂರ್ವ ಯುರೋಪಿನ ಎಂಟು ದೇಶಗಳು ಒಕ್ಕೂಟ ಸೇರಿದಾಗ, ಮೊದಲ ದಿನದಿಂದಲೇ ಕೆಲಸದ ಬಾಗಿಲು ತೆರೆದವು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ಜರ್ಮನಿ ಏಳು ವರ್ಷ ಕಾಯಿಸಿತು. ಬ್ರಿಟನ್ನಿಗೆ ವರ್ಷಕ್ಕೆ 5,000ದಿಂದ 13,000 ಜನ ಬರಬಹುದು ಅಂತ ಸರಕಾರದ ಮುಂದೆ ಒಂದು ಅಂದಾಜು ಇತ್ತು. ಬಂದವರು ಅದರ ಎಷ್ಟೋ ಪಟ್ಟು. ಬಾಸ್ಟನ್‌ನಲ್ಲಿ 2011ರ ಜನಗಣತಿಯ ಹೊತ್ತಿಗೆ ಸುಮಾರು ಹತ್ತರಲ್ಲಿ ಒಬ್ಬರು ಆ ಹೊಸ ದೇಶಗಳವರು.

ಬಸ್ ಕಾಯುವಾಗ ಸಿಕ್ಕ ಅಜ್ಜನೊಬ್ಬ ಯಾರನ್ನೂ ಬೈಯಲಿಲ್ಲ. ಅವನು ಹೇಳಿದ್ದು ಬಾಡಿಗೆಯ ಲೆಕ್ಕ. ಒಂದು ಮನೆಗೆ ಎಂಟು ಮಂಚ ಹಾಕಿ, ಮಂಚಕ್ಕೆ ಇಷ್ಟು ಅಂತ ವಾರ ವಾರ ವಸೂಲಿ ಮಾಡುವ ಮಾಲೀಕನಿಗೆ ಗಂಡ ಹೆಂಡತಿ ಮಗು ಇರುವ ಸಂಸಾರ ಯಾಕೆ ಬೇಕು? ಅವನ ಮೊಮ್ಮಗನಿಗೆ ಊರಲ್ಲಿ ಮನೆಯೇ ಸಿಗಲಿಲ್ಲವಂತೆ. ಆ ಮಾಲೀಕ ಇಂಗ್ಲಿಷನೇ. ಮಂಚದ ಮೇಲೆ ಕಡಿವಾಣ ಹಾಕಬೇಕಿದ್ದವರೂ ಇಂಗ್ಲಿಷರೇ. ಅಜ್ಜನಿಗೆ ಅದೂ ಗೊತ್ತಿತ್ತು. ‘ಆದರೆ ಅವರ ಹೆಸರು ಯಾವ ಮತಪತ್ರದಲ್ಲೂ ಬರಲ್ಲವಲ್ಲ’ ಅಂದ. ಹೊರಡುವಾಗ ನನ್ನ ಭುಜ ತಟ್ಟಿ, ‘ನೀನು ಬೇರೆ ಬಿಡು, ನೀನು ಇಂಗ್ಲಿಷ್ ಮಾತಾಡ್ತೀಯ’ ಅಂದ. ಆ ಕ್ಷಣ ಒಳಗೊಳಗೇ ಖುಷಿಯಾಯಿತು. ರೈಲಿನಲ್ಲಿ ಕೂತ ಮೇಲೆ ಆ ಖುಷಿಗೆ ಏನನ್ನಬೇಕೋ ಗೊತ್ತಾಗಲಿಲ್ಲ.

ಈಗ ಲ್ಯಾಂಬೆತ್ ನೋಡಿ. ನಮ್ಮ ಬಸವಣ್ಣನ ಪ್ರತಿಮೆ ಥೇಮ್ಸ್ ದಂಡೆಯಲ್ಲಿ ನಿಂತಿದೆಯಲ್ಲ, ಅದೇ ಲ್ಯಾಂಬೆತ್. ಕಲಬುರಗಿಯ ನೀರಜ್ ಪಾಟೀಲ್ ಮೇಯರಾಗಿದ್ದ ಜಾಗ. ಅಲ್ಲಿ ವಲಸಿಗರು ಬಾಸ್ಟನ್ನಿಗಿಂತ ಎಷ್ಟೋ ಜಾಸ್ತಿ. ಆದರೂ ರಿಮೇನ್‌ಗೆ ಬಿದ್ದದ್ದು ಶೇ 78.6. ಜಿಬ್ರಾಲ್ಟರ್ ಬಿಟ್ಟರೆ ಎಲ್ಲೂ ಅಷ್ಟು ಬಿದ್ದಿಲ್ಲ. ತಲೆ ಎಣಿಸಿದರೆ ಇದು ಅರ್ಥವಾಗುವುದಿಲ್ಲ. ಲ್ಯಾಂಬೆತ್‌ಗೆ ಜನ ಎಪ್ಪತ್ತು ವರ್ಷಗಳಿಂದ ಬರುತ್ತಲೇ ಇದ್ದಾರೆ. ಬಾಸ್ಟನ್ ಹತ್ತೇ ವರ್ಷದಲ್ಲಿ ಬದಲಾಯಿತು, ಹಿಂದೆಯೇ ಬರಬೇಕಿದ್ದ ಡಾಕ್ಟರು, ಮೇಷ್ಟರು, ಮನೆಗಳು ಬರಲಿಲ್ಲ. ನಮ್ಮ ಸ್ಲೌ ಕೌನ್ಸಿಲ್ ಕೂಡ 2000ದ ದಶಕದಲ್ಲೇ, ‘ನಿಮ್ಮ ಲೆಕ್ಕಕ್ಕಿಂತ ಜಾಸ್ತಿ ಜನ ಇಲ್ಲಿದ್ದಾರೆ, ಅದಕ್ಕೆ ತಕ್ಕ ದುಡ್ಡು ಕೊಡಿ’ ಅಂತ ಲಂಡನ್ ಮುಂದೆ ಗೋಗರೆದಿತ್ತು.

ಉಳಿದ ಕಡೆಯದೂ ಒಂದೊಂದು ಕಥೆ. ಬಂದರು ಊರಾದ ಗ್ರಿಮ್ಸ್‌ಬಿಯವರು ಕಳೆದುಹೋದ ಮೀನುಗಾರಿಕೆಗಾಗಿ ಶೇ 70ರಷ್ಟು ಲೀವ್ ಅಂದರು. ಸಂಡರ್‌ಲ್ಯಾಂಡಿನಲ್ಲಿ ನಿಸ್ಸಾನ್ ಕಾರ್ಖಾನೆ ಇದೆ, ಅದರ ಕಾರುಗಳ ದೊಡ್ಡ ಮಾರುಕಟ್ಟೆಯೇ ಯುರೋಪ್. ಅಲ್ಲೂ ಶೇ 61 ಲೀವ್. ಹಡಗುಕಟ್ಟೆ, ಕಲ್ಲಿದ್ದಲು ಗಣಿ ಮುಚ್ಚಿದ ಗಾಯ ಕಾರಿನ ಸಂಬಳಕ್ಕಿಂತ ಹಳೆಯದು. ಕಾರ್ನ್‌ವಾಲ್ ಯುರೋಪಿನ ಅನುದಾನದಲ್ಲಿ ರಸ್ತೆ, ಕಾಲೇಜು ಕಟ್ಟಿಕೊಂಡು ಶೇ 56.5 ಲೀವ್ ಅಂದಿತು. ಫಲಿತಾಂಶ ಬಂದ ಕೂಡಲೇ ಅಲ್ಲಿನ ಕೌನ್ಸಿಲ್, ‘ನಮಗೆ ಬರುವ ದುಡ್ಡು ನಿಲ್ಲಿಸಬೇಡಿ’ ಅಂತ ಕೇಳಿತು. ನಕ್ಕವರು ತುಂಬಾ ಜನ. ನನಗೆ ನಗು ಬರಲಿಲ್ಲ, ನನ್ನದೂ ಅದೇ ಕಥೆ.

ಸ್ಕಾಟ್ಲೆಂಡಿನದು ತಿರುವು. ಅಲ್ಲಿನ 32 ಕೌನ್ಸಿಲ್‌ಗಳಲ್ಲಿ 32ರಲ್ಲೂ ರಿಮೇನ್‌ಗೇ ಬಹುಮತ, ಒಟ್ಟು ಶೇ 62. ಎರಡು ವರ್ಷ ಹಿಂದೆ ಅವರು ಇನ್ನೊಂದು ಒಕ್ಕೂಟ ಬಿಡಬೇಕೋ ಬೇಡವೋ ಅಂತ ಮತ ಹಾಕಿದ್ದರು. ಬ್ರಿಟನ್ನಿನಲ್ಲೇ ಇರ್ತೀವಿ ಅಂದವರು ಶೇ 55. ಬ್ರಿಟನ್ ಬಿಟ್ಟರೆ ಯುರೋಪೂ ಕೈತಪ್ಪುತ್ತದೆ ಅಂತ ಆಗ ಹೆದರಿಸಿದ್ದರು. ಬ್ರಿಟನ್ನಿನಲ್ಲಿ ಉಳಿದಿದ್ದಕ್ಕೇ ಯುರೋಪ್ ಕೈತಪ್ಪಿತು. ಎತ್ತು ಏರಿಗೆ, ಕೋಣ ನೀರಿಗೆ.

ಉತ್ತರ ಐರ್ಲೆಂಡಿನಲ್ಲಿ ಶೇ 55.8 ರಿಮೇನ್. ಒಕ್ಕೂಟದಲ್ಲಿರುವ ಐರ್ಲೆಂಡ್ ದೇಶದ ಗಡಿಗೆ ಅಂಟಿದ ಡೆರಿ ಊರಿನ ಫಾಯ್ಲ್ ಕ್ಷೇತ್ರದಲ್ಲಿ ಶೇ 78. ಆ ಗಡಿ ಸುಮಾರು 500 ಕಿಲೋಮೀಟರ್. ಅದರ ಮೇಲಿನ ಚೆಕ್‌ಪೋಸ್ಟು, ಸೈನಿಕರು ಹೋಗಿ ಜನ ಉಸಿರಾಡುವಂತಾದದ್ದು 1998ರ ಶಾಂತಿ ಒಪ್ಪಂದದ ನಂತರ. ಸ್ಲೌನಲ್ಲಿ ಪೆನ್ಸಿಲ್ ಹಿಡಿದ ನನಗೆ ಆ ಗಡಿ ನೆನಪಿಗೇ ಬರಲಿಲ್ಲ. ನಿಮಗೆ ಬಂದಿತ್ತಾ? ಭೂಮಿಯ ಮೇಲೆ ಗಡಿ ಬೇಡ ಅಂತ ಕೊನೆಗೆ ಅದನ್ನು ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವಿನ ಸಮುದ್ರದಲ್ಲಿ ಎಳೆದರು. ಇಂಗ್ಲೆಂಡಿನ ಸಾಸೇಜ್ ಬೆಲ್‌ಫಾಸ್ಟ್‌ಗೆ ಹೋಗಬಹುದೋ ಇಲ್ಲವೋ ಅಂತ 2021ರಲ್ಲಿ ದೊಡ್ಡವರೆಲ್ಲ ಕೂತು ಜಗಳವಾಡಿದರು. ಈ ಸಮುದ್ರದ ಗಡಿಯ ಸಿಟ್ಟಿಗೆ ಅಲ್ಲಿನ ಸರಕಾರವೇ ಎರಡು ವರ್ಷ ನಡೆಯಲಿಲ್ಲ.

ಇನ್ನು, ನಮ್ಮ ಲೆಕ್ಕ ಪೂರ್ತಿ ಸುಳ್ಳಾಯಿತಾ ಅಂದರೆ ಅದೂ ಇಲ್ಲ. ಇಲ್ಲೇ ಈ ಕಥೆ ಬಿಗಿಯಾಗುವುದು. 2021ರ ಜನವರಿಯಲ್ಲಿ ಅಂಕ ನೋಡಿ ವೀಸಾ ಕೊಡುವ ಹೊಸ ಪಾಯಿಂಟ್ ಪದ್ಧತಿ ಬಂತು, ಪ್ರೀತಿ ಪಟೇಲ್ ಅವರೇ ಆಗ ಗೃಹ ಸಚಿವೆ. ಓದು ಮುಗಿಸಿದವರಿಗೆ ಎರಡು ವರ್ಷ ಕೆಲಸದ ವೀಸಾ ಮರಳಿ ಸಿಕ್ಕಿತು. 2022ರಲ್ಲಿ ವೃದ್ಧರ ಆರೈಕೆ ಮಾಡುವವರಿಗೂ ಬಾಗಿಲು ತೆರೆಯಿತು. ಭಾರತದವರು ಎಲ್ಲರಿಗಿಂತ ಮುಂದೆ. ಮಂಗಳೂರಿನ ನರ್ಸ್‌ಗಳು, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು, ಏಜೆಂಟರಿಗೆ ಲಕ್ಷಗಟ್ಟಲೆ ಸುರಿದು ಬಂದ ಕೇರ್ ಕೆಲಸದವರು. 2023ರ ಜೂನ್‌ವರೆಗಿನ ಒಂದು ವರ್ಷದಲ್ಲಿ ನಿವ್ವಳ ವಲಸೆ 9 ಲಕ್ಷ ದಾಟಿತು. ಯುರೋಪಿನವರಲ್ಲಿ ಬಂದವರಿಗಿಂತ ಹೋದವರೇ ಜಾಸ್ತಿ. 3,33,000ಕ್ಕೆ ಸಿಟ್ಟಾಗಿ ಲೀವ್ ಅಂದ ಅಜ್ಜ ಈ ನಂಬರ್ ಕೇಳಿ ಏನಂದಿರಬಹುದು? ಬಾಸ್ಟನ್ ಕ್ಷೇತ್ರ 2024ರಲ್ಲಿ ಅದೇ ಫರಾಜ್ ಅವರ ರಿಫಾರ್ಮ್ ಪಕ್ಷದ ರಿಚರ್ಡ್ ಟೈಸ್ ಅವರನ್ನು ಗೆಲ್ಲಿಸಿತು. ಬೇಸಾಯಕ್ಕೆ ಈಗ ಕಿರ್ಗಿಸ್ತಾನ, ಉಜ್ಬೇಕಿಸ್ತಾನ, ತಜಿಕಿಸ್ತಾನದಿಂದ ಆರು ತಿಂಗಳ ವೀಸಾದಲ್ಲಿ ಜನರನ್ನು ತರಿಸುತ್ತಿದ್ದಾರೆ. ಬಂದು, ಕಟಾವು ಮಾಡಿ, ವಾಪಸ್ ಹೋಗಬೇಕು.

ಮತ್ತು ಈಗ ಕ್ಯೂನ ತುದಿಯಲ್ಲಿ ನಿಂತಿರುವವರು ನಮ್ಮವರು. 2024ರ ಮಾರ್ಚ್‌ನಲ್ಲಿ ಕೇರ್ ಕೆಲಸಕ್ಕೆ ಹೊಸದಾಗಿ ಬರುವವರು ಹೆಂಡತಿ ಮಕ್ಕಳನ್ನು ತರುವಂತಿಲ್ಲ ಅಂದರು. 2025ರ ಜುಲೈಯಲ್ಲಿ ವಿದೇಶದಿಂದ ಅವರನ್ನು ತರಿಸುವುದನ್ನೇ ನಿಲ್ಲಿಸಿದರು. ಅದೇ ವರ್ಷದ ಮೇ ತಿಂಗಳ ಶ್ವೇತಪತ್ರದಲ್ಲಿ, ಪಿಆರ್‌ಗೆ ಐದು ವರ್ಷದ ಬದಲು ಹತ್ತು ವರ್ಷ ಕಾಯಬೇಕು ಅನ್ನುವ ಮಾತು ಬಂತು. ತಂದದ್ದು ಲೇಬರ್ ಸರಕಾರ. ಇದಕ್ಕೆ ಬ್ರಸೆಲ್ಸನ್ನು ಬೈಯೋಣ ಅಂದರೆ ಬ್ರಸೆಲ್ಸ್ ಇಲ್ಲ.

ಅಮ್ಮ ವಿಸಿಟ್ ವೀಸಾದಲ್ಲಿ ಎರಡು ಸಲ ಬಂದರು. 2019ರಲ್ಲಿ ಅರಸೀಕೆರೆಯಲ್ಲೇ ತೀರಿಕೊಂಡರು. ಆ ನಿಯಮ ಮಾತ್ರ ಬದಲಾಗಲಿಲ್ಲ. ಪಕ್ಕದ ಮನೆಯವರು ಅದಕ್ಕೂ ಮೊದಲೇ ಮನೆ ಖಾಲಿ ಮಾಡಿ, ತಾಯಿಯನ್ನೂ ಕರೆದುಕೊಂಡು ಪೋಲೆಂಡಿಗೆ ಹೋಗಿಬಿಟ್ಟರು.

ಈಗ ಕೇಳುವುದಿಷ್ಟೇ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮತ್ತೆ ಅದೇ ರಾಗ ಶುರುವಾಗಿದೆ. ‘ನಾವು ಸರಿಯಾದ ದಾರಿಯಲ್ಲಿ ಬಂದವರು, ದೋಣಿಯಲ್ಲಿ ಬಂದವರಿಂದ ನಮಗೂ ಕೆಟ್ಟ ಹೆಸರು. ಕೇರ್ ವೀಸಾದವರಿಂದಲೇ ಎಲ್ಲ ಹಾಳಾಯ್ತು.’ ಮೊನ್ನೆ ಒಬ್ಬರು, ‘ಹತ್ತು ವರ್ಷ ಮಾಡಲಿ ಬಿಡಿ, ನಮ್ಮದಂತೂ ಆಗಿದೆ’ ಅಂತ ಹಾಕಿದ್ದರು. ಅದಕ್ಕೆ ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದರು. ಆ ಹೆಬ್ಬೆರಳು ಇಳಿಸಿ ಸ್ವಾಮಿ. ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ. ಈಗಾಗಲೇ ಬಂದವರಿಗೆ ಆಟದ ಮಧ್ಯೆ ನಿಯಮ ಬದಲಿಸಬೇಡಿ ಅಂತ ಬರೆಯಿರಿ. ಅಪ್ಪ ಅಮ್ಮನ ನಿಯಮದ ಬಗ್ಗೆಯೂ ಬರೆಯಿರಿ. ನಮ್ಮ ದೇಶದವರಿಗೆ ಮಾತ್ರ ಅಂತ ಬರೆಯಬೇಡಿ. ಹೊಸದಾಗಿ ಬಂದವರ ಹೆಸರು ಮತದಾರರ ಪಟ್ಟಿಗೆ ಹಾಕಿಸಿ, ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ತಮಗೆ ಮತ ಇದೆ ಅಂತ ಅರ್ಧ ಜನಕ್ಕೆ ಗೊತ್ತೇ ಇಲ್ಲ. ಮತ್ತೆ, ಮುಂದಿನ ಸಲ ಬಿಸಿಬೇಳೆಬಾತ್ ಮುಂದೆ ಬ್ರೆಕ್ಸಿಟ್ ಮಾತು ಬಂದಾಗ, ನಾನು ಹಾಕಿದ್ದು ಹೀಗೆ ಅಂತ ಒಬ್ಬರಾದರೂ ಬಾಯಿಬಿಡಿ. ನಾನು ಬಿಟ್ಟಾಯಿತು.

ಆ ಪಕ್ಕದ ಮನೆಯಲ್ಲಿ ಈಗ ತುಮಕೂರಿನ ಒಬ್ಬ ಹುಡುಗ, ಅವನ ಹೆಂಡತಿ, ಒಂದು ಮಗು ಇದ್ದಾರೆ. 2024ರ ಜುಲೈ 4ರ ಚುನಾವಣೆಗೆ ಅವನನ್ನು ನಾನೇ ಕರೆದುಕೊಂಡು ಹೋದೆ. ಭಾರತದ ಪಾಸ್‌ಪೋರ್ಟ್ ತೋರಿಸಿದ, ಮತಪತ್ರ ಕೊಟ್ಟರು. ಅದೇ ದಾರ, ಅದೇ ಮೋಟು ಪೆನ್ಸಿಲ್. ಹಾಕಿ ಹೊರಗೆ ಬಂದವನು ಎಡಗೈ ಬೆರಳು ತಿರುಗಿಸಿ ತಿರುಗಿಸಿ ನೋಡಿಕೊಂಡ.

‘ಇಲ್ಲಿ ಶಾಯಿ ಹಾಕಲ್ವಾ ಸಾರ್?’

‘ಹಾಕಲ್ಲ ಕಣಪ್ಪ’ ಅಂದೆ.

ಇಂತಿ,
ಸ್ಲೌನಿಂದ ಒಬ್ಬ ಕನ್ನಡಿಗ